ಲಗ್ನ ಆಗಿ ಮೂರು ವರ್ಷ, ಟೆಸ್ಟ್ ಎಲ್ಲಾ ನಂದೇ ಆಗ್ಯಾವ. ಮುಂದ ಏನು ಮಾಡಬೇಕ್ರಿ?

ಇಳಕಲ್ ಸೆರಗು
ಎಲ್ಲಾರಿಗೂ ನಮಸ್ಕಾರ. ಬಾಗಲಕೋಟಿ ಜಿಲ್ಲಾದಾಕಿ ನಾನು. ನನಗ 29, ನಮ್ಮ ಮನಿಯವರಿಗೆ 33. ಇನ್ನೂ ಕೂಸು ಆಗಿಲ್ಲ. ಅತ್ತಿಯವರು ಕರದ ಕಡೆಗೆಲ್ಲಾ ಹೋಗೀನಿ. ಥೈರಾಯ್ಡ್, ಶುಗರ್, ಪ್ರೊಲ್ಯಾಕ್ಟಿನ್, ಎಎಂಎಚ್, ಸೋನೋಗ್ರಫಿ ಎಲ್ಲಾ ಆಗಿ ಫೈಲ್ ದಪ್ಪ ಆಗೇತಿ. ಪಿಸಿಓಡಿ (ಅಂಡಾಶಯದಾಗಿಂದ ಎಗ್ ಸರಿಯಾಗಿ ಬಿಡುಗಡೆ ಆಗದ ತೊಂದರೆ) ಐತಿ, ಮುಟ್ಟು 40-45 ದಿನಕ್ಕ ಬರ್ತೈತಿ, ಬಾಕಿ ಎಲ್ಲಾ ಸರಿ ಅಂದಾರ. ಈಗ ಒಬ್ಬ ಡಾಕ್ಟರ್ ಟ್ಯೂಬ್ ಟೆಸ್ಟ್ (ಗರ್ಭನಾಳ ತೆರೆದಾವೇನು ಅಂತ ನೋಡೂದು) ಮಾಡಸ್ರಿ ಅಂತಾರ. ದೊಡ್ಡ ಊರಿನ ಇನ್ನೊಂದು ಸೆಂಟರ್‌ನವರು ಅದೇನೂ ಬ್ಯಾಡ, ಸೀದಾ ಐವಿಎಫ್ (ಎಗ್, ವೀರ್ಯಾಣು ಲ್ಯಾಬ್ ಒಳಗ ಕೂಡಿಸಿ ಗರ್ಭಚೀಲದಾಗ ಇಡೂದು) ಮಾಡಸ್ರಿ, ಈ ತಿಂಗಳು ಕಟ್ಟಿದ್ರ ಡಿಸ್ಕೌಂಟ್ ಅಂತಾರ.

ಮನಿಯವರದು ಇನ್ನೂ ಒಂದ್ ಟೆಸ್ಟೂ ಆಗಿಲ್ಲ. ಕೇಳಿದ್ರ "ನನಗೇನಾಗೇತಿ, ಗಟ್ಟಿ ಅದೀನಲಾ" ಅಂತಾರ. ಮೊನ್ನೆ ನೆಗೆಣ್ಣಿ ಕುಪ್ಪಸದಾಗ ಉಡಿ ತುಂಬಾಕ ಎಲ್ಲಾರನೂ ಕರದ್ರು, ನನ್ನ ಒಬ್ಬಾಕಿನ್ನ ಅಡಗಿ ಮನ್ಯಾಗ ಬಿಟ್ರು. ಅವತ್ತಿಂದ ನಿದ್ದಿ ಇಲ್ಲ.

ಟೆಸ್ಟ್ ಯಾವ ಕ್ರಮದಾಗ ಆಗಬೇಕು? ಇವರನ್ನ ಹೆಂಗ ಒಪ್ಪಸಬೇಕು? ಟ್ಯೂಬ್ ಟೆಸ್ಟ್ ಭಾಳ ನೋವಾಗ್ತೈತೇನು? ಗೊತ್ತಿದ್ದವರು ಹೇಳ್ರಿ.

ಕುಂದಾನಗರಿ
ತಂಗಿ, ಅವರ ಸೆಮೆನ್ (ವೀರ್ಯ) ಟೆಸ್ಟ್ ಆಗೂ ತನಕ ನಿನ್ನ ಮೈಗೆ ಇನ್ನೊಂದು ಸೂಜಿ ಚುಚ್ಚಸಕೋಬ್ಯಾಡ. ಮಕ್ಕಳಾಗದ ಜೋಡಿಗಳನ್ನ ತಗೊಂಡ್ರ ಸುಮಾರು ಅರ್ಧದಷ್ಟರಾಗ ಗಂಡಸರ ಕಡೆನೂ ಕಾರಣ ಇರ್ತೈತಿ. ಕೆಲವ್ರಿಗೆ ಅದೊಂದೇ ಕಾರಣ, ಕೆಲವ್ರಿಗೆ ಇಬ್ಬರದೂ ಕೂಡಿ. ಕೆಲವು ನೂರು ರೂಪಾಯಿದಾಗ, ನೋವಿಲ್ಲದ, ಅರ್ಧ ದಿನದಾಗ ಮುಗಿಯೂ ಟೆಸ್ಟ್ ಬಿಟ್ಟು ಲಕ್ಷದ ಮಾತು ಹೆಂಗ ಆಡ್ತಾರ ಅವರು?

ಡೋಣಿ ಸಾಲು
ಡಿಸ್ಕೌಂಟ್ ಅಂದವರ ಕಡೆ ಹೋಗಬ್ಯಾಡ್ರಿ. ಗಂಡನ ರಿಪೋರ್ಟ್ ನೋಡದ ಐವಿಎಫ್ ಅನ್ನೋರು ಚಿಕಿತ್ಸೆ ಮಾಡೂದಿಲ್ಲ, ಯಾಪಾರ ಮಾಡ್ತಾರ.

ಗುಮ್ಮಟನಗರಿ
ಕುಂದಾನಗರಿ ಅಕ್ಕಾರ ಮಾತು ಖರೆ ಅದ, ಆದ್ರ "ಮೊದಲ ಅವನದು, ಆಮ್ಯಾಲೆ ಇವಳದು" ಅಂತ ಹೊಂಟ್ರ ಮನ್ಯಾಗ ಜಗಳ ಬ್ಯಾರೆ. ಇಬ್ಬರದೂ ಕೂಡೇ ಶುರು ಆಗಬೇಕು. ಲಗ್ನ ಆಗಿ ಒಂದು ವರ್ಷ ಯಾವ ತಡೆನೂ ಇಲ್ಲದ ಕೂಡಿದ್ರೂ ದಿನ ನಿಲ್ಲಲಿಲ್ಲ ಅಂದ್ರ ತಪಾಸಣೆ ಮಾಡಸಬೇಕು, ಹೆಣ್ಣಿಗೆ 35 ದಾಟಿದ್ರ ಆರೇ ತಿಂಗಳಿಗೆ. ಮುಟ್ಟು ಹಿಂದ ಮುಂದ ಆಗ್ತಿದ್ರ ಅಷ್ಟೂ ಕಾಯೂದು ಬ್ಯಾಡ.

ನಾನೂ ಗಂಡಸು, ಅದಕ್ಕ ಹೇಳ್ತೀನಿ. ಹೆಂಡ್ತಿ ಹೇಳಿದ್ರ ಸಿಟ್ಟು ಬರ್ತದ, ಅವ್ವ ಹೇಳಿದ್ರ ನಾಚಿಕಿ ಬರ್ತದ. ಡಾಕ್ಟರ್ ಎದುರು ಕುಂದರಿಸಿ "ಇಬ್ಬರದೂ ರಿಪೋರ್ಟ್ ಇಲ್ಲದ ನಾನು ಗುಳಿಗಿ ಬರಿಯೂದಿಲ್ಲ" ಅಂದ್ರ ಯಾವ ಗಂಡಸೂ ಎದ್ದು ಹೋಗೂದಿಲ್ಲ. ನಿಮ್ಮ ಡಾಕ್ಟರ್‌ಗೆ ಮೊದಲೇ ಫೋನ್ ಮಾಡಿ ಇದನ್ನ ಹೇಳ್ರಿ. ಅವರೇ ಮಾತು ತೆಗೀಲಿ.

ಇನ್ನೊಂದು, ಅವರಿಗೆ ಹೆದರಿಕಿ ಇರೂದು ಟೆಸ್ಟಿಂದಲ್ಲ, ಆ ಖೋಲಿದು. ಗದ್ದಲದ ದವಾಖಾನಿಯೊಳಗ, ಹೊರಗ ಹತ್ತು ಮಂದಿ ಕುಂತಿರ್ತಾರ, ಕಂಪೌಂಡರ್ ಹೆಸರು ಹಿಡದು ಒದರ್ತಾನ, ಕೈಯಾಗ ಡಬ್ಬಿ ಕೊಟ್ಟು ಪಾಯಖಾನಿ ಕಡೆ ಕೈ ತೋರಸ್ತಾನ. ಚಿಲಕ ಸರಿ ಇರೂದಿಲ್ಲ. ಅಲ್ಲಿ ಯಾರಿಗೆ ಆಗ್ತದ? ಮನಿ ಹತ್ರ ಇದ್ರ ಮನ್ಯಾಗೇ ತಗೊಂಡು ಹೋಗಾಕ ಬರ್ತದ, ಲ್ಯಾಬ್‌ನವರನ್ನ ಮೊದಲ ಕೇಳ್ರಿ.

ಲ್ಯಾಬ್ ಕಾಕಾ
ಮನಿಯಿಂದ ತರೂದಕ್ಕ ನಮ್ಮ ಲ್ಯಾಬ್‌ನ್ಯಾಗೂ ಅಭ್ಯಂತರ ಇಲ್ಲ. ಆದ್ರ ಹೆಂಗ ತರಬೇಕು ಅನ್ನೂದು ಭಾಳ ಮಂದಿಗೆ ಗೊತ್ತಿಲ್ಲ, ಅದಕ್ಕ ಸ್ವಲ್ಪ ಉದ್ದ ಬರೀತೀನಿ.

ಟೆಸ್ಟಿಗೆ ಮೊದಲ ಕನಿಷ್ಠ 2 ದಿನ, ಹೆಚ್ಚಂದ್ರ 7 ದಿನ ಸಂಬಂಧ ಇರಬಾರದು. ಕೆಲವ್ರು "ಜಾಸ್ತಿ ಕೂಡಿಟ್ರ ಛಲೋ ಬರ್ತೈತಿ" ಅಂತ ಹದಿನೈದು ದಿನ ಬಿಟ್ಟು ಬರ್ತಾರ. ಹಂಗ ಮಾಡಿದ್ರ ಹಳೇವು, ಸತ್ತವು ಹೆಚ್ಚಾಗಿ ಓಡಾಟ ಕಡಿಮಿ ಕಾಣ್ತೈತಿ. ಸಾಬಾನು, ಎಣ್ಣಿ, ಉಗುಳು ಏನೂ ಹಚ್ಚಬಾರದು. ಅಂಗಡಿ ಕಾಂಡೋಮ್‌ನ್ಯಾಗ ಹಿಡಿಯೂದು ಬ್ಯಾಡೇ ಬ್ಯಾಡ. ಲ್ಯಾಬ್ ಕೊಟ್ಟ ಡಬ್ಬಿನೇ ಬೇಕು. ಮೊದಲ ಬರೂ ಹನಿಯೊಳಗೇ ವೀರ್ಯಾಣು ಹೆಚ್ಚು ಇರ್ತಾವ, ಅದು ಚೆಲ್ಲಿದ್ರ ಮುಚ್ಚಿ ತರಬ್ಯಾಡ್ರಿ, ಹೇಳ್ರಿ, ಇನ್ನೊಂದು ದಿನ ಬಂದು ಕೊಡ್ರಿ. ಒಂದು ತಾಸಿನೊಳಗ ಲ್ಯಾಬ್ ಮುಟ್ಟಬೇಕು, ಅರ್ಧ ತಾಸಾದ್ರ ಇನ್ನೂ ಛಲೋ.

ಒಬ್ಬ ಹುಡುಗ ಹಳ್ಳಿಯಿಂದ ಬೈಕ್ ಮ್ಯಾಲೆ ಬಂದ. ಡಬ್ಬಿನ್ನ ಐಸ್ ತುಂಡಿನ ನಡುವ ಇಟ್ಟು, ಟವೆಲ್ ಸುತ್ತಿ, ಊಟದ ಡಬ್ಬಿಯೊಳಗ ಭದ್ರ ಮಾಡಿ ತಂದಿದ್ದ. ಪಾಪ, ಕೆಡಬಾರದು ಅಂತ ಅಷ್ಟು ಕಾಳಜಿ ಮಾಡಿದ್ದ. ಮೈಕ್ರೋಸ್ಕೋಪ್‌ನ್ಯಾಗ ಒಂದೂ ಓಡಾಡಲಿಲ್ಲ. ಐಸ್‌ನ್ಯಾಗಲ್ಲ, ಅಂಗಿ ಒಳಗ, ಮೈಗೆ ಹತ್ತಿ ಇಟ್ಟುಕೊಂಡು ಬರಬೇಕು. ಮೈ ಕಾವು ಸಾಕು ಅದಕ್ಕ. ಮುಂದಿನ ಸಲ ಹಂಗೇ ತಂದ, ರಿಪೋರ್ಟ್ ನಾರ್ಮಲ್.

ಇನ್ನ ಅಂಕಿ. ವಿಶ್ವ ಆರೋಗ್ಯ ಸಂಸ್ಥೆ 2021ರಾಗ ತಂದ ಆರನೇ ಆವೃತ್ತಿ ಕೈಪಿಡಿ ಪ್ರಕಾರ ಕೆಳಗಿನ ಮಿತಿ ಹಿಂಗೈತಿ: ವೀರ್ಯದ ಪ್ರಮಾಣ 1.4 ಮಿಲಿ, ಒಂದು ಮಿಲಿಗೆ 1 ಕೋಟಿ 60 ಲಕ್ಷ ವೀರ್ಯಾಣು, ಒಟ್ಟು ಓಡಾಟ ನೂರಕ್ಕ 42, ಮುಂದ ಸಾಗುವವು 30, ಆಕಾರ ಸರಿ ಇರುವವು ಬರೇ 4. ಈ 4 ನೋಡಿ ಗಾಬರಿ ಆಗಿ ಅಳಾಕ ಹತ್ತಿದವರನ್ನ ನೋಡೀನಿ. "ನೂರಾಗ 96 ಕೆಟ್ಟಾವೇನ್ರಿ" ಅಂತಾರ. ಕೂಸು ಆದ ಗಂಡಸರೊಳಗೂ ಕೆಲವ್ರಿಗೆ ಅಷ್ಟೇ ಇರ್ತಾವ. ಈ ಮಿತಿಗಿಂತ ಕಡಿಮಿ ಬಂದ್ರೂ ಮಕ್ಕಳಾಗೂದಿಲ್ಲ ಅಂತ ಅರ್ಥ ಅಲ್ಲ.

ಒಂದು ರಿಪೋರ್ಟ್ ಕೆಟ್ಟು ಬಂದ್ರ ಅದನ್ನೇ ಹಿಡದು ಕುಂದ್ರಬಾರದು. ವೀರ್ಯಾಣು ತಯಾರಾಗಿ ಹೊರಗ ಬರಾಕ ಸುಮಾರು ಎರಡೂವರೆಯಿಂದ ಮೂರು ತಿಂಗಳು ಬೇಕು. ನಡುವ ಜೋರು ಜ್ವರ, ಟೈಫಾಯ್ಡ್, ಡೆಂಗಿ ಬಂದಿದ್ರ ಇವತ್ತಿನ ರಿಪೋರ್ಟ್‌ನ್ಯಾಗ ಕಾಣ್ತೈತಿ. ಮತ್ತೊಮ್ಮೆ ಮಾಡಸಬೇಕು.

ಇಳಕಲ್ ಸೆರಗು
ಕಾಕಾರ, ಇದನ್ನ ಇದ್ದಂಗ ಮನಿಯವರಿಗೆ ವಾಟ್ಸಾಪ್ ಮಾಡೀನಿ. ಓದ್ಯಾರ, ಏನೂ ಅಂದಿಲ್ಲ.

ಜಮಖಂಡಿ ಬೆಲ್ಲ
"ಗಟ್ಟಿ ಅದೀನಿ" ಅನ್ನೋದಕ್ಕ ಒಂದು ಮಾತು. ನನ್ನ ಹೆಂಡ್ತಿ ತಮ್ಮ ಜಿಮ್‌ಗೆ ಹೋಗೂ ಹುಡುಗ, ಎದಿ ನೋಡಿದ್ರ ಪೈಲ್ವಾನ್. ಲಗ್ನ ಆಗಿ ಎರಡು ವರ್ಷಕ್ಕ ಟೆಸ್ಟ್ ಮಾಡಸಿದ್ರ ರಿಪೋರ್ಟ್‌ನ್ಯಾಗ ಸೊನ್ನಿ. ಒಂದೂ ವೀರ್ಯಾಣು ಇಲ್ಲ. ಮನಿ ಮಂದಿ ಕೂಳು ಬಿಟ್ಟು ಕುಂತ್ರು. ಯುರಾಲಜಿ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ "ಜಿಮ್‌ನ್ಯಾಗ ಇಂಜೆಕ್ಷನ್ ತಗೋತಿಯೇನಪಾ?" ತಗೋತಿದ್ದ. ಟೆಸ್ಟೋಸ್ಟೆರಾನ್ ಹೊರಗಿಂದ ಹೋತಂದ್ರ ಮೆದುಳು "ಸಾಕಷ್ಟು ಐತಿ" ಅಂತ ತಿಳಕೊಂಡು ವೃಷಣಕ್ಕ ಹೋಗೂ ಸೂಚನೆ ನಿಲ್ಲಿಸಿಬಿಡ್ತೈತಿ, ವೀರ್ಯಾಣು ತಯಾರಾಗೂದು ಬಂದ್. ಇಂಜೆಕ್ಷನ್ ಬಿಡಿಸಿ ಔಷಧಿ ಕೊಟ್ರು, ವರ್ಷದ ಹತ್ತಿರ ಹಿಡೀತು, ವಾಪಸ್ ಬಂದ್ವು. ಈಗ ಮಗಳು ಅದಾಳ. ಎಲ್ಲಾರಿಗೂ ಹಂಗ ವಾಪಸ್ ಬರ್ತಾವ ಅಂತ ಇಲ್ಲ, ಅದನ್ನೂ ಡಾಕ್ಟರ್ ಹೇಳಿದ್ರು.

ಗುಮ್ಮಟನಗರಿ
ಜಿಮ್ ಹುಡುಗರಿಗೆ ಇದನ್ನ ಯಾರೂ ಹೇಳೂದಿಲ್ಲ. ಟೆಸ್ಟೋಸ್ಟೆರಾನ್ ಅಂದ್ರ ಗಂಡಸ್ತನ ಹೆಚ್ಚಾಗ್ತದ ಅಂತ ತಿಳದಾರ. ಡಾಕ್ಟರ್ ಅನಿಸಿಕೊಂಡವರೂ ಕೆಲವ್ರು ವೀರ್ಯಾಣು ಕೌಂಟ್ ಕಡಿಮಿ ಅಂತ ಬಂದವನಿಗೆ ಅದನ್ನೇ ಬರದು ಕೊಡ್ತಾರ, ಅದು ತಪ್ಪು. ಗುಟಕಾ, ಬೀಡಿನೂ ಬಿಡಬೇಕು. ಸಕ್ಕರಿ ಫ್ಯಾಕ್ಟರಿ ಬಾಯ್ಲರ್ ಮುಂದ ದಿನಾ ನಿಲ್ಲೋರು ಡಾಕ್ಟರ್ ಕಡೆ ಕೆಲಸದ ವಿಷಯ ಹೇಳ್ರಿ, ಆ ಕಾವು ಕೌಂಟ್ ಮ್ಯಾಲೆ ಬೀಳ್ತದ.

ಹತ್ತಿ ಹೊಲ
ಇಷ್ಟೆಲ್ಲಾ ಯಾಕ್ರಿ? ನಮ್ಮ ಕಡೆ ಒಬ್ಬರು ಪುಡಿ ಕೊಡ್ತಾರ, ಗಂಡ ಹೆಂಡ್ತಿ ಇಬ್ಬರೂ ಮೂರು ತಿಂಗಳು ತಗೋಬೇಕು. ನಮ್ಮ ಕಾಕಾನ ಸೊಸಿಗೆ ಆರು ವರ್ಷ ಆಗಿದ್ದಿಲ್ಲ, ಪುಡಿ ತಗೊಂಡ ನಾಕನೇ ತಿಂಗಳಿಗೆ ನಿಂತೈತಿ. ಸವದತ್ತಿ ಎಲ್ಲಮ್ಮಗೂ ಹರಕಿ ಹೊತ್ತಿದ್ರು. ಇಂಗ್ಲಿಷ್ ಔಷಧಿ ಕಾವು ಮಾಡ್ತೈತಿ.

ಕುಂದಾನಗರಿ
ಹರಕಿಗೆ ಯಾರ ಬ್ಯಾಡಂದಾರ? ನಾನೂ ಬಾದಾಮಿ ಬನಶಂಕರಿಗೆ ಹೊತ್ತಿದ್ದೆ, ಉಡಿ ತುಂಬಿ ಬಂದೀನಿ. ಪುಡಿ ಮಾತು ಬ್ಯಾರೆ. ಒಳಗ ಏನ್ ಐತಿ ಅಂತ ಕೊಡಾವನೂ ಹೇಳೂದಿಲ್ಲ. ಭಸ್ಮದಾಗ ಸೀಸ, ಪಾದರಸ ಇದ್ರ ಹೊಟ್ಟಿಯೊಳಗ ಬೆಳಿಯೂ ಕೂಸಿಗೇ ವಿಷ.

ಹತ್ತಿ ಹೊಲ
ಆದವರನ್ನ ಕಣ್ಣಾರೆ ನೋಡೀನಿ ಅಂತ ಹೇಳಾಕತ್ತೀನಿ. ನಿಮ್ಮ ಡಾಕ್ಟರ್ ಕಡೆ ಹೋದವ್ರಿಗೆಲ್ಲಾ ಆಗ್ಯಾವೇನು?

ಲ್ಯಾಬ್ ಕಾಕಾ
ಎಲ್ಲಾರಿಗೂ ಆಗೂದಿಲ್ಲ, ಅದು ಖರೆ. ಆದ್ರ ಇದನ್ನೂ ತಿಳಕೋಳ್ರಿ: ನೂರು ಜೋಡಿಯೊಳಗ ಸುಮಾರು 80-85 ಜೋಡಿಗೆ ಮೊದಲ ವರ್ಷದಾಗ ತಾನಾಗೇ ಗರ್ಭ ನಿಲ್ತೈತಿ. ಉಳದವರೊಳಗ ಅರ್ಧ ಮಂದಿಗೆ ಎರಡನೇ ವರ್ಷದಾಗ. ಐದಾರು ವರ್ಷ ಆದ ಮ್ಯಾಲೂ ಆದವರು ಅದಾರ. ಆ ಹೊತ್ತಿಗೆ ಏನು ತಿಂತಿರ್ತಾರೋ ಅದಕ್ಕ ಹೆಸರು ಬರ್ತೈತಿ. ಟ್ಯೂಬ್ ಎರಡೂ ಮುಚ್ಚಿದ್ರ ಯಾವ ಪುಡಿನೂ ತೆಗಿಯೂದಿಲ್ಲ, ಆಗ ಹೋದ ವಯಸ್ಸು ಯಾರೂ ತಿರುಗಿ ಕೊಡೂದಿಲ್ಲ. ಅದೊಂದೇ ನನ್ನ ತಕರಾರು.

ಘಟಪ್ರಭಾ
ಟ್ಯೂಬ್ ಟೆಸ್ಟ್ ಬಗ್ಗೆ ಕೇಳ್ಯಾರ, ಅದಕ್ಕ ಯಾರೂ ಉತ್ತರ ಕೊಟ್ಟಿಲ್ಲ.

ನಾ ಬೆಳಗಾವ್ಯಾಗ ಮಾಡಸೀನಿ. ಎಚ್‌ಎಸ್‌ಜಿ ಅಂತಾರ ಅದಕ್ಕ. ಮುಟ್ಟು ನಿಂತ ಮ್ಯಾಲೆ, ಎಗ್ ಬಿಡುಗಡೆ ಆಗೂದಕ್ಕ ಮೊದಲ ಮಾಡ್ತಾರ, ಸಾಮಾನ್ಯವಾಗಿ ಮುಟ್ಟಾದ ಮೊದಲ ದಿನದಿಂದ ಎಣಿಸಿ 6ರಿಂದ 11ನೇ ದಿನದೊಳಗ. ಆ ತಿಂಗಳು ಟೆಸ್ಟ್ ಆಗೂ ತನಕ ಸಂಬಂಧ ಬ್ಯಾಡ. ಎಕ್ಸ್‌ರೇ ಟೇಬಲ್ ಮ್ಯಾಲೆ ಅಂಗಾತ ಮಲಗಸ್ತಾರ, ಆ ಟೇಬಲ್ ತಣ್ಣಗ ಇರ್ತೈತಿ, ಮೊಣಕಾಲು ಮಡಚಬೇಕು. ಸಣ್ಣ ನಳಿಗಿಯಿಂದ ಗರ್ಭಚೀಲದೊಳಗ ಔಷಧಿ ಬಿಡ್ತಾರ. ಅದು ಹೋಗೂವಾಗ ಮುಟ್ಟಿನ ನೋವಿಗಿಂತ ಜೋರು ಹಿಡೀತು ನನಗ, ತುಟಿ ಕಚ್ಚಿಕೊಂಡಿದ್ದೆ. ಕೈ ಹಿಡದ ನರ್ಸ್ "ಉಸಿರು ಬಿಡವಾ, ಉಸಿರು ಬಿಡು" ಅಂತ ಹೇಳಾಕತ್ತಿದ್ದಳು. ಪರದಾದ ಮ್ಯಾಲೆ ಔಷಧಿ ಎರಡೂ ಕಡೆ ಹರದು ಹೊರಗ ಚೆಲ್ಲಿದ್ದು ಕಂಡಿತು. ಐದು ಹತ್ತು ನಿಮಿಷದಾಗ ಮುಗೀತು. ಒಂದು ತಾಸು ಮೊದಲ ನೋವಿನ ಗುಳಿಗಿ ತಗೋಬೇಕು, ಡಾಕ್ಟರ್‌ನ ಕೇಳಿ. ಮರುದಿನ ಸ್ವಲ್ಪ ರಕ್ತ ಕಲಿ ಕಂಡ್ರ ಗಾಬರಿ ಆಗಬ್ಯಾಡ್ರಿ. ಜ್ವರ ಬಂದ್ರ ಮಾತ್ರ ಕೂಡಲೇ ಹೋಗ್ರಿ.

ಒಂದು ಟ್ಯೂಬ್ ಬುಡದಾಗ ಬಂದ್ ಅಂತ ಬಂದ್ರ ಅದೇ ಕೊನೆ ಮಾತು ಅಲ್ಲ. ನೋವಿಗೆ ಸ್ನಾಯು ಬಿಗಿ ಹಿಡದಾಗ ತೆರೆದ ಟ್ಯೂಬೂ ಮುಚ್ಚಿದಂಗ ಕಾಣ್ತೈತಿ.

ಕೃಷ್ಣಾತೀರ
ನನಗ ಎರಡೂ ಬಂದ್ ಇದ್ವು. ಅಥಣಿ ಕಡೆಯಾಕಿ ನಾನು, ನಮ್ಮ ಕಡೆ ಮಂದಿ ದೊಡ್ಡ ದವಾಖಾನಿ ಅಂದ್ರ ಮಿರಜಕ್ಕ ಹೋಗ್ತಾರ, ನಾನೂ ಅಲ್ಲೇ ಹೋಗಿದ್ದೆ. ಕೆಮ್ಮು ಇಲ್ಲ, ಜ್ವರ ಇಲ್ಲ, ಮುಟ್ಟು ಮಾತ್ರ ವರ್ಷಾ ವರ್ಷಾ ಕಡಿಮಿ ಆಗಿತ್ತು. ಗರ್ಭಚೀಲದ ಒಳಪದರು ಸ್ವಲ್ಪ ತೆಗದು ತಪಾಸಣೆಗೆ ಕಳಿಸಿದ್ರ ಟಿಬಿ. ಟಿಬಿ ಪುಪ್ಪುಸಕ್ಕ ಅಷ್ಟೇ ಬರ್ತೈತಿ ಅಂತ ಎಲ್ಲಾರೂ ತಿಳದಾರ. ನಮ್ಮ ದೇಶದಾಗ ಟ್ಯೂಬ್ ಹಾಳಾಗಾಕ ಇದು ದೊಡ್ಡ ಕಾರಣ. ಆರು ತಿಂಗಳ ಗುಳಿಗಿ ಸರಕಾರಿ ದವಾಖಾನ್ಯಾಗ ಪುಕ್ಕಟೆ ಕೊಟ್ರು. ರೋಗ ಹೋತು, ಟ್ಯೂಬ್ ತೆರೀಲಿಲ್ಲ. ನಂಥಾವರಿಗೆ ಐವಿಎಫ್ ಬೇಕೇ ಬೇಕು, ಯಾಕಂದ್ರ ಎಗ್ ಮತ್ತ ವೀರ್ಯಾಣು ಟ್ಯೂಬ್‌ನ್ಯಾಗ ಕೂಡಾಕ ದಾರಿನೇ ಇಲ್ಲ. ಪಿಸಿಓಡಿ ಇದ್ದು ಟ್ಯೂಬ್ ತೆರೆದಿದ್ರ ಸೀದಾ ಐವಿಎಫ್ ಯಾಕ? ಅದಕ್ಕ ಟ್ಯೂಬ್ ಟೆಸ್ಟ್ ಬಿಡಬ್ಯಾಡ ತಂಗಿ.

ಮಲಪ್ರಭಾ ದಂಡಿ
ನಂದೂ ಪಿಸಿಓಡಿ. ಲೆಟ್ರೊಜೋಲ್ ಬರದಾರ. ಮೆಡಿಕಲ್ ಅಂಗಡಿಯವ "ಇದು ಕ್ಯಾನ್ಸರ್ ಗುಳಿಗಿ, ಬ್ಯಾನ್ ಆಗೇತಿ" ಅಂದ. ಹೆದರಿ ತಗೊಂಡಿಲ್ಲ. ಯಾರಾದ್ರೂ ತಗೊಂಡೀರೇನು?

ಸ್ಟಾಫ್ ನರ್ಸ್ ಹುನಗುಂದ
ಅಂಗಡಿಯವನ ಮಾತು ಅರ್ಧ ಹಳೇದು. ಸ್ತನ ಕ್ಯಾನ್ಸರ್‌ಗೂ ಕೊಡೂ ಗುಳಿಗಿ ಅದು, ಹೌದು. ಮಕ್ಕಳಾಗೂ ಚಿಕಿತ್ಸೆಗೆ ಅದನ್ನ ಬಳಸಬಾರದು ಅಂತ ನಮ್ಮ ದೇಶದಾಗ 2011ರಾಗ ನಿಷೇಧ ಹಾಕಿದ್ರು, 2017ರಾಗ ತೆಗದಾರ. ಈಗ ಪಿಸಿಓಡಿ ಇದ್ದು ಎಗ್ ಸರಿಯಾಗಿ ಬಿಡುಗಡೆ ಆಗದವರಿಗೆ ಜಗತ್ತಿನಾದ್ಯಂತ ಮೊದಲ ಆಯ್ಕೆ ಅದೇ. ಮುಟ್ಟಿನ 2 ಅಥವಾ 3ನೇ ದಿನದಿಂದ ಐದು ದಿನ ಅಷ್ಟೇ ತಗೋತಾರ. ನೀವಾಗೇ ಅಂಗಡ್ಯಾಗ ತಗೊಂಡು ನುಂಗೂದು ಬ್ಯಾಡ. ಎಗ್ ಎಷ್ಟು ಬೆಳದಾವ ಅಂತ ಸೋನೋಗ್ರಫಿಯೊಳಗ ನೋಡ್ತಾ ಹೋಗಬೇಕು, ಒಮ್ಮೊಮ್ಮೆ ಎರಡು ಮೂರು ಬೆಳೀತಾವ, ಅವಳಿ ಆಗ್ತಾವ.

ತೂಕ ಹೆಚ್ಚಿದ್ದವರು ನೂರಕ್ಕ ಐದರಷ್ಟು ಇಳಿಸಿದ್ರೂ ಮುಟ್ಟು ಸರಿ ಆಗಾಕ ಶುರು ಆಗ್ತೈತಿ. 70 ಕೆಜಿ ಇದ್ದಾಕಿ ಮೂರೂವರೆ ಕೆಜಿ. ಜೋಳದ ರೊಟ್ಟಿ, ಪುಂಡಿಪಲ್ಯ ತಿಂದು ದಿನಾ ನಡದ್ರ ಆಗೂ ಕೆಲಸ. ಮತ್ತ ಕೂಸು ಬೇಕು ಅನ್ನೋ ಎಲ್ಲಾರೂ ಇವತ್ತಿಂದಲೇ ಫೋಲಿಕ್ ಆಸಿಡ್ 400 ಮೈಕ್ರೋಗ್ರಾಂ ತಗೋಳ್ರಿ, ದಿನ ನಿಂತ ಮ್ಯಾಲೆ ಶುರು ಮಾಡಿದ್ರ ತಡ ಆಗಿರ್ತೈತಿ. ಕೂಸಿನ ಬೆನ್ನಹುರಿ ಮೊದಲ ನಾಕು ವಾರದಾಗೇ ತಯಾರಾಗ್ತೈತಿ.

ಮಲಪ್ರಭಾ ದಂಡಿ
ಥ್ಯಾಂಕ್ಸ್ ರೀ ಸಿಸ್ಟರ್. ನನ್ನ ಎಎಂಎಚ್ 7 ಬಂದೈತಿ, ಅದು ಹೆಚ್ಚೋ ಕಡಿಮಿಯೋ?

ಸ್ಟಾಫ್ ನರ್ಸ್ ಹುನಗುಂದ
ಪಿಸಿಓಡಿಯೊಳಗ ಹೆಚ್ಚೇ ಬರ್ತೈತಿ. ಎಎಂಎಚ್ ಅಂದ್ರ ಅಂಡಾಶಯದಾಗ ಎಗ್ ಎಷ್ಟು ಉಳದಾವ ಅನ್ನೂ ಅಂದಾಜು ಅಷ್ಟೇ. ಕಡಿಮಿ ಬಂದವರಿಗೆ "ನಿನಗ ಮಕ್ಕಳಾಗೂದಿಲ್ಲ" ಅಂತ ಹೇಳಿ ಹೆದರಸ್ತಾರ ಕೆಲವು ಕಡೆ. ತಿಂಗಳಿಗೆ ಒಂದು ಒಳ್ಳೆ ಎಗ್ ಸಾಕು. ಐವಿಎಫ್‌ಗೆ ಇಂಜೆಕ್ಷನ್ ಎಷ್ಟು ಕೊಡಬೇಕು ಅಂತ ಲೆಕ್ಕ ಹಾಕಾಕ ಆ ಅಂಕಿ ಹೆಚ್ಚು ಉಪಯೋಗ.

ಹಿಪ್ಪರಗಿ ಹುಡುಗ
ಐವಿಎಫ್‌ನ್ಯಾಗ ಗಂಡು ಕೂಸೇ ಬೇಕು ಅಂದ್ರ ಮಾಡಿಕೊಡ್ತಾರೇನ್ರಿ? ನಮ್ಮ ಅಣ್ಣಾಗ ಎರಡು ಹೆಣ್ಣು ಅದಾವ.

ಡೋಣಿ ಸಾಲು
ಏನ್ ಕೇಳಾಕತ್ತಿ ತಮ್ಮಾ? ಇಲ್ಲಿ ಒಂದು ಕೂಸಿಗೆ ಹೆಣ್ಣಮಕ್ಕಳು ಜೀವಾ ತೇಯಾಕತ್ತಾರ. ಲಿಂಗ ಪತ್ತೆ, ಲಿಂಗ ಆಯ್ಕೆ ಎರಡೂ 1994ರ ಕಾಯ್ದೆಯಿಂದ ಅಪರಾಧ. 2021ರ ಎಆರ್‌ಟಿ (ಐವಿಎಫ್ ಥರದ ಚಿಕಿತ್ಸೆಗಳ) ಕಾಯ್ದೆಯೊಳಗ ಇದರ ಜಾಹೀರಾತು ಕೊಟ್ಟವರಿಗೆ 5ರಿಂದ 10 ವರ್ಷ ಜೈಲು, ಇಲ್ಲಾ 10ರಿಂದ 25 ಲಕ್ಷ ದಂಡ, ಇಲ್ಲಾ ಎರಡೂ. ಮಾಡಿಕೊಡ್ತೀನಿ ಅನ್ನಾವ ಸಿಕ್ರ ದೂರು ಕೊಡು.

ಹಿಪ್ಪರಗಿ ಹುಡುಗ
ತಿಳೀತ್ರಿ. ಅಣ್ಣಾಗೂ ಹೇಳ್ತೀನಿ.

ಬನಶಂಕರಿ ಮಗಳು
ನಾ ಒಬ್ಬ ಅತ್ತಿ. ಇಲ್ಲಿ ಅತ್ತಿ ಅತ್ತಿ ಅಂತ ಓದಿ ಬರಿಯಾಕ ಕುಂತೀನಿ. ನಮ್ಮ ಮನಿ ಸೊಸಿ ನನ್ನ ತಮ್ಮನ ಮಗಳು. ಎರಡು ಸಲ ಕೂಸು ಮೂರು ತಿಂಗಳಿಗೆ ಹೋತು. ಮಂದಿ ಗ್ರಹಚಾರ ಅಂದ್ರು. ನಾ ಮಗನ್ನ ಕರದು ಹೇಳಿದೆ: ಇಬ್ಬರೂ ಕೂಡಿ ಹೋಗ್ರಿ, ಯಾರದು ಏನು ಬಂದ್ರೂ ಈ ಮನ್ಯಾಗ ಯಾರೂ ಒಂದು ಮಾತು ಆಡೂದಿಲ್ಲ. ಇಬ್ಬರದೂ ರಕ್ತ ತಗದು ವರ್ಣತಂತು (ಕ್ರೋಮೋಸೋಮ್) ಟೆಸ್ಟ್ ಮಾಡಸಿದ್ರು. ಸಂಬಂಧದಾಗ ಲಗ್ನ ಆದವರು, ಪದೇ ಪದೇ ಗರ್ಭ ಹೋದವರು ಡಾಕ್ಟರ್‌ಗೆ ಅದನ್ನ ಮುಚ್ಚಿಡಬ್ಯಾಡ್ರಿ. ಉಡಿ ತುಂಬಾಕ ಕರಿಯದ ಮನಿಗೆ ನೀನೂ ಹೋಗಬ್ಯಾಡವ್ವಾ. ನಮ್ಮ ಊರಾಗ ಇದ್ದಿದ್ರ ನಾನೇ ಕರದು ನಿನಗ ಉಡಿ ತುಂಬ್ತಿದ್ದೆ.

ಇಳಕಲ್ ಸೆರಗು
ಅಮ್ಮಾರ, ನಿಮ್ಮ ಮಾತು ಓದಿ ಅತ್ತು ಬಿಟ್ಟೆ. ಇವರಿಗೂ ಓದಿ ಹೇಳಿದೆ. ಸೋಮವಾರ ಇಬ್ಬರೂ ಕೂಡಿ ಹೋಗೂದು ಅಂದಾರ. ಇಲ್ಲೇ ಬಾಗಲಕೋಟಿ ಮೆಡಿಕಲ್ ಕಾಲೇಜ್ ದವಾಖಾನಿಗೆ ಹೋಗ್ತೀವಿ. ಟ್ಯೂಬ್, ಸೆಮೆನ್ ಎರಡೂ ಸರಿ ಬಂದ್ರ ಮುಂದ ಏನು?

ಘಟಪ್ರಭಾ
ಮೊದಲ ಗುಳಿಗಿ ಕೊಟ್ಟು ಎಗ್ ಬೆಳಿಯೂದನ್ನ ನೋಡ್ತಾರ, ಯಾವ ದಿನ ಕೂಡಬೇಕು ಅಂತ ಹೇಳ್ತಾರ. ಕೆಲವು ತಿಂಗಳು ಹಂಗ ನೋಡಿ ಆಗಲಿಲ್ಲ ಅಂದ್ರ ಐಯುಐ. ವೀರ್ಯ ತೊಳದು, ಛಲೋ ಓಡೂವನ್ನ ಆರಿಸಿ ಗರ್ಭಚೀಲದೊಳಗ ಬಿಡ್ತಾರ, ಅದಕ್ಕ ಒಂದಾದ್ರೂ ಟ್ಯೂಬ್ ತೆರೆದಿರಬೇಕು. ಒಂದು ಸಲಕ್ಕ ನೂರಕ್ಕ 10-15ರಷ್ಟೇ ಯಶಸ್ಸು, ಅದಕ್ಕ ಒಂದಕ್ಕೇ ಕೈ ಚೆಲ್ಲಬಾರದು, ಹಂಗಂತ ಹತ್ತು ಸಲ ಅದನ್ನೇ ಮಾಡಿಸಿಕೋತಾ ಕುಂದ್ರಲೂಬಾರದು. ಮೂರ್ನಾಕು ಸಲ ಆದ ಮ್ಯಾಲೆ ಐವಿಎಫ್ ಮಾತು.

ಕೃಷ್ಣಾತೀರ
ಐವಿಎಫ್‌ಗೆ ಹೋಗೋರು ಗ್ವಾಡಿ ಮ್ಯಾಲಿನ ಕೂಸಿನ ಫೋಟೋ ಬಿಟ್ಟು ನೋಂದಣಿ ಪತ್ರ ನೋಡ್ರಿ. 2021ರ ಕಾಯ್ದೆ ಬಂದ ಮ್ಯಾಲೆ ನೋಂದಣಿ ಇಲ್ಲದ ನಡಸಾಕ ಬರೂದಿಲ್ಲ. ಬರೇ ಐಯುಐ ಮಾಡೂವು ಒಂದನೇ ಹಂತ, ಎಗ್ ತೆಗದು ಐವಿಎಫ್ ಮಾಡೂವು ಎರಡನೇ ಹಂತ. ಹೆಣ್ಣಿಗೆ 21ರಿಂದ 50, ಗಂಡಿಗೆ 21ರಿಂದ 55 ವಯಸ್ಸು ಇರಬೇಕು. ಸಹಿ ಮಾಡೂ ಕಾಗದ ಓದಿ ಮಾಡ್ರಿ, ಪ್ರತಿ ಇಸಕೊಂಡು ಬರ್ರಿ. "ನೂರಕ್ಕ ನೂರು ಗ್ಯಾರಂಟಿ" ಅಂದ್ರ ಎದ್ದು ಬರ್ರಿ. 35ರ ಒಳಗಿನವರಿಗೂ ಒಂದು ಸಲಕ್ಕ ಆಗೂದು ಅರ್ಧಕ್ಕಿಂತ ಕಡಿಮಿ ಮಂದಿಗೆ. ಪಿಸಿಓಡಿ ಇದ್ದವರಿಗೆ ಇಂಜೆಕ್ಷನ್ ಹೆಚ್ಚಾದ್ರ ಹೊಟ್ಟಿ ಉಬ್ಬಿ ನೀರು ತುಂಬಿ ಅಪಾಯ ಆಗ್ತೈತಿ, ಅದನ್ನ ಮೊದಲೇ ಕೇಳಿ ಇಟ್ಟುಕೋಳ್ರಿ.

ಜಮಖಂಡಿ ಬೆಲ್ಲ
ಆಯುಷ್ಮಾನ್ ಕಾರ್ಡ್‌ನ್ಯಾಗ ಬರ್ತೈತೇನು ಇದು?

ಸ್ಟಾಫ್ ನರ್ಸ್ ಹುನಗುಂದ
ಬರೂದಿಲ್ಲ. ಖಾಸಗಿ ವಿಮೆಯೊಳಗೂ ಹೆಚ್ಚಿನವು ಕೊಡೂದಿಲ್ಲ. ಒಂದು ಸಲಕ್ಕ ಔಷಧಿ ಹಿಡದು ಲಕ್ಷದ ಮ್ಯಾಲೆ ಹೋಗ್ತೈತಿ. ಹೊಲ ಒತ್ತಿ ಹಾಕೂದಕ್ಕ ಮೊದಲ ಎಷ್ಟು ಸಲ ಮಾಡಸೂದು ಅಂತ ಗಂಡ ಹೆಂಡ್ತಿ ಕುಂತು ತೀರ್ಮಾನ ಮಾಡ್ಕೋಳ್ರಿ. ದತ್ತು ತಗೋಬೇಕು ಅನಿಸಿದ್ರ ಕೇಂದ್ರದ ಕೇರಿಂಗ್ಸ್ ಪೋರ್ಟಲ್‌ನ್ಯಾಗೇ ಹೆಸರು ಹಚ್ಚಬೇಕು, ದವಾಖಾನ್ಯಾಗ ಕೂಸು ಕೊಡಸ್ತೀನಿ ಅನ್ನೋ ದಲ್ಲಾಳಿ ಮಾತು ಕೇಳಬ್ಯಾಡ್ರಿ.

ಗುಮ್ಮಟನಗರಿ
ಐವಿಎಫ್ ಇಂಜೆಕ್ಷನ್ ವಿಷಯ ಒಂದು. ಕೆಲವು ಫ್ರಿಜ್‌ನ್ಯಾಗ 2ರಿಂದ 8 ಡಿಗ್ರಿಯೊಳಗ ಇಡಬೇಕು. ನಮ್ಮ ಕಡೆ ಬ್ಯಾಸಗಿಯೊಳಗ 40 ದಾಟ್ತದ, ಕರೆಂಟ್ ಬ್ಯಾರೆ ಹೋಗ್ತದ. ಹಳ್ಳಿಯವರು ಮೆಡಿಕಲ್ ಅಂಗಡಿಯಿಂದ ಥರ್ಮಾಕೋಲ್ ಡಬ್ಬಿ ಇಸಕೊಂಡು ಒಳಗ ಐಸ್ ಪ್ಯಾಕ್ ಇಟ್ಟು ತರ್ರಿ, ಔಷಧಿ ಐಸ್‌ಗೆ ನೇರ ತಾಗಬಾರದು, ಗಟ್ಟಿ ಆದ್ರ ಕೆಡ್ತದ. ಊರಿನ ಆರೋಗ್ಯ ಕೇಂದ್ರದ ಸಿಸ್ಟರ್‌ನ ಕೇಳಿದ್ರ ದಿನಾ ಒಂದು ಹಾಕಿಕೊಡ್ತಾರ.

ಮಲಪ್ರಭಾ ದಂಡಿ
ಕಡೀಕ ಒಂದು ಪ್ರಶ್ನೆ. ಐಯುಐ ಆದ ಮ್ಯಾಲೆ ಹುಬ್ಬಳ್ಳಿಯಿಂದ ಬಸ್‌ನ್ಯಾಗ ಬರಬಹುದೇನು? ನಮ್ಮ ರಸ್ತೆ ನಿಮಗ ಗೊತ್ತೈತಿ. ಅತ್ತಿ ಹದಿನೈದು ದಿನ ಹಾಸಗಿ ಬಿಟ್ಟು ಏಳಬ್ಯಾಡ ಅಂತಾರ.

ಕೃಷ್ಣಾತೀರ
ನನಗ ಐವಿಎಫ್ ಎಂಬ್ರಿಯೋ (ಭ್ರೂಣ) ಒಳಗ ಇಟ್ಟ ದಿನಾನೇ ನಡಕೋತ ಹೋಗಂದ್ರು.

ಸ್ಟಾಫ್ ನರ್ಸ್ ಹುನಗುಂದ
ಬರಬಹುದು. ಕುಲುಕಿದ್ರ ಬೀಳೂ ಹಂಗ ಅಲ್ಲ ಅದು, ಗರ್ಭಚೀಲದ ಗೋಡೆ ಒಂದಕ್ಕೊಂದು ಹತ್ತಿಕೊಂಡೇ ಇರ್ತಾವ. ಹಾಸಗಿ ಹಿಡದು ಮಲಗಿದ್ರ ಗರ್ಭ ನಿಲ್ಲೂದು ಹೆಚ್ಚಾಗೂದಿಲ್ಲ. ಮನಿ ಕೆಲಸ, ಆಫೀಸು ಎಲ್ಲಾ ಮಾಡಬಹುದು. ಭಾರ ಎತ್ತೂದು, ಉಪವಾಸ ಮಾಡೂದು ಬಿಡ್ರಿ. ಡಾಕ್ಟರ್ ಬರದ ಗುಳಿಗಿ ನಡುವ ನಿಲ್ಲಿಸಬ್ಯಾಡ್ರಿ. ಎರಡು ವಾರ ಆದ ಮ್ಯಾಲೆ ಗರ್ಭ ನಿಂತೈತೇನು ಅಂತ ನೋಡಾಕ ರಕ್ತದಾಗ ಬೀಟಾ ಎಚ್‌ಸಿಜಿ ಮಾಡಸ್ರಿ, ಅದಕ್ಕ ಮೊದಲ ಮನ್ಯಾಗ ಕಾರ್ಡ್ ಟೆಸ್ಟ್ ಮಾಡಿ ನೋಡಬ್ಯಾಡ್ರಿ. ಎಗ್ ಒಡಿಯಾಕ ಕೊಟ್ಟ ಇಂಜೆಕ್ಷನ್‌ನ್ಯಾಗೂ ಅದೇ ಎಚ್‌ಸಿಜಿ ಇರ್ತೈತಿ, ಸುಳ್ಳು ಎರಡನೇ ಗೆರಿ ತೋರಸ್ತೈತಿ.